ಹಿಂದೆ ಬರುತ್ತಿದ್ದ ಷಡ್ಡಕ

ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದು ಹಾಸಿಗೆ ಮಾರುವವರಿಗೆ ಬುದ್ಧಿ ಹೇಳುವುದು ಕಷ್ಟ. ಅವರಿಗೆ ಹಾಸಿಗೆಯ ಕೊರತೆ ಎಂಬುದೇ ಇರುವುದಿಲ್ಲ. ನಮ್ಮ ಬೀದಿಯ ಹಾಸಿಗೆ ಅಂಗಡಿಯವರಿಗೂ ಇರಲಿಲ್ಲ. ಗಿರಾಕಿಗಳ ಎದುರಿಗೆ ಹಾಸಿಗೆಯ ಮೇಲೆ ಮಲಗಿ, ಮಗ್ಗುಲು ಬದಲಿಸಿ, "ನೋಡಿ, ಬೆನ್ನಿಗೆ ಹೇಗೆ ಹಿತವಾಗಿದೆ" ಎಂದು ತೋರಿಸುವುದೇ ಅವರ ದಿನದ ದುಡಿಮೆ. ಈ ದುಡಿಮೆಯಿಂದ ಮೈ ಎಷ್ಟು ಬೆಳೆಯಬಹುದೋ ಅಷ್ಟು ಬೆಳೆದಿತ್ತು. ಊರಿನವರು ಅವರನ್ನು ಹಾಸಿಗೆಯವರು ಎಂದೇ ಕರೆಯುತ್ತಿದ್ದರು.

ಒಂದು ಭಾನುವಾರ ಹೆಂಡತಿಯ ತಂಗಿಯ ಮನೆಯಲ್ಲಿ ಹೊಟ್ಟೆ ಬಿರಿಯುವಂತೆ ಉಂಡು ಕಾಲು ಚಾಚಿ ಕುಳಿತಾಗ ಹಾಸಿಗೆಯವರ ಬಾಯಿಂದ ಒಂದು ಮಾತು ಜಾರಿತು.

"ನಮ್ಮ ಕಾಲದಲ್ಲಿ ಗುಡ್ಡದ ರಸ್ತೆ ಪೂರ್ತಿ ಸೈಕಲ್ಲಲ್ಲೇ ಸುತ್ತಿ ಬಂದಿದ್ದೆ. ಒಂದು ಸಲಾನೂ ಕಾಲು ನೆಲಕ್ಕೆ ಊರಲಿಲ್ಲ."

ಇದು ಸುಳ್ಳಲ್ಲ. ಅವರು ಕೂತಿದ್ದು ಹಾಲಿನವನ ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ. ಅಲ್ಲಿ ಕೂತವರು ಕಾಲು ಊರುವ ಪ್ರಸಂಗವೇ ಬರುವುದಿಲ್ಲ. ಈ ಸಣ್ಣ ವಿವರವನ್ನು ಅವರು ಹೇಳಲಿಲ್ಲ, ಯಾರೂ ಕೇಳಲಿಲ್ಲ.

ಆದರೆ ಮಾತು ಕಿವಿಗೆ ಬಿದ್ದವರಲ್ಲಿ ಆ ಮನೆಯ ಯಜಮಾನರು, ಅಂದರೆ ಹಾಸಿಗೆಯವರ ಷಡ್ಡಕರು ಇದ್ದರು. ಔಷಧಿ ಅಂಗಡಿ ಇಟ್ಟಿದ್ದ ಈ ಷಡ್ಡಕರು ಸಣಕಲು ಮನುಷ್ಯ. ಯಾರ ಮುಖ ನೋಡಿದರೂ ಅಲ್ಲೊಂದು ರೋಗ ಕಾಣುತ್ತಿತ್ತು. ಅಕ್ಕ ತಂಗಿಯರನ್ನು ಮದುವೆಯಾದ ಇಬ್ಬರು ಗಂಡಸರ ನಡುವೆ ಇರುವ ಪ್ರೀತಿ ಎಂಥದೆಂದು ಲೋಕಕ್ಕೇ ಗೊತ್ತು. ಷಡ್ಡಕರು ಕೆಮ್ಮಿ, "ನಾನೂ ಓದೋವಾಗ ಸೈಕಲ್ ರೇಸಲ್ಲಿ ಕಪ್ ತಗೊಂಡವನೇ" ಎಂದರು. ಕಪ್ಪು ಎಲ್ಲಿ ಎಂದು ಹೆಂಡತಿ ಕೇಳಿದಾಗ, ಅದು ಚಹಾ ಕುಡಿಯುವ ಕಪ್ಪಾಗಿತ್ತು, ಒಡೆದುಹೋಯಿತು ಎಂದರು.

ನಾದಿನಿ ಎದ್ದು ಹೋಗಿ ಪೇಪರ್ ತಂದಳು. ಊರಿನ ಸೈಕಲ್ ಸಂಘದವರು ಜೋಡಿ ರೇಸು ಇಟ್ಟಿದ್ದರು. ಇಬ್ಬಿಬ್ಬರಾಗಿ ಹೊರಡಬೇಕು, ಸೇತುವೆ ದಾಟಿ, ಜೌಗಿನ ಬಯಲು, ಹಳ್ಳಿ, ಮರಗಳ ಸಾಲು ಎಲ್ಲ ಸುತ್ತಿ ಇನ್ನೊಂದು ದಾರಿಯಿಂದ ಊರಿಗೇ ವಾಪಸಾಗಬೇಕು. ಕೊನೆಯ ಗೆರೆಯನ್ನು ಇಬ್ಬರೂ ಒಟ್ಟಿಗೇ ಮುಟ್ಟಬೇಕು. ಒಬ್ಬರು ಕೈಬಿಟ್ಟರೆ ಇನ್ನೊಬ್ಬರೂ ಆಟದಿಂದ ಹೊರಗೆ.

"ಇಬ್ರ ಹೆಸರೂ ಕೊಟ್ಟುಬಿಡ್ತೀನಿ" ಎಂದಳು ನಾದಿನಿ.

ಹಾಸಿಗೆಯವರು ಹೆಂಡತಿಯತ್ತ ನೋಡಿದರು, ಆಕೆ ಬೇಡ ಎನ್ನುತ್ತಾಳೆಂಬ ಆಸೆಯಿಂದ. ಆಕೆ ಎನ್ನಲಿಲ್ಲ. "ಕೊಡೇ. ಇವರು ಮಹಡಿ ಹತ್ತೋವಾಗ ಮಧ್ಯದಲ್ಲಿ ಕೂತ್ಕೊಂಡು ಸುಧಾರಿಸ್ಕೋತಾರೆ. ಸೈಕಲ್ಲಲ್ಲಾದ್ರೆ ಮೊದಲೇ ಕೂತಿರ್ತಾರಲ್ಲ, ಅನುಕೂಲ" ಎಂದಳು.

ಹೀಗೆ ಇಬ್ಬರು ಗಂಡಸರು ತಮ್ಮ ಮಾನ ಉಳಿಸಿಕೊಳ್ಳಲು ಪ್ರಾಣವನ್ನು ಪಣಕ್ಕಿಟ್ಟರು.

ರೇಸಿನ ದಿನ ಬೆಳಗ್ಗೆ ಊರಿಗೆ ಊರೇ ಮಂಜಿನಲ್ಲಿ ಮುಳುಗಿತ್ತು. ಅಂಥ ಮಂಜನ್ನು ಯಾರೂ ಕಂಡಿರಲಿಲ್ಲ. ಮಾತಾಡಿದವರ ದನಿ ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಪಕ್ಕದಲ್ಲಿ ನಿಂತವರು ಒಂದು ಹೆಜ್ಜೆ ಹಿಂದಿಟ್ಟರೆ ಇಲ್ಲವೇ ಇಲ್ಲದಂತಾಗುತ್ತಿದ್ದರು. ಸಂಘದ ಕಾರ್ಯದರ್ಶಿಗಳು ಮೈಕಿನಲ್ಲಿ, "ಹತ್ತು ಗಂಟೆಗೆಲ್ಲ ಮಂಜು ಏಳುತ್ತದೆ, ನಾನು ವಿಚಾರಿಸಿದ್ದೇನೆ" ಎಂದು ಸಾರಿದರು. ಯಾರನ್ನು ವಿಚಾರಿಸಿದ್ದರೋ, ಆ ದಿನ ಮಂಜು ಏಳಲೇ ಇಲ್ಲ.

ಎದೆಗೆ ಕಟ್ಟಿಕೊಳ್ಳುವ ನಂಬರಿನ ಬಟ್ಟೆಯ ಲಾಡಿ ಹಾಸಿಗೆಯವರ ಬೆನ್ನ ತನಕ ಮುಟ್ಟಲಿಲ್ಲ. ಆದ್ದರಿಂದ ಅದನ್ನು ಅವರ ಹಳದಿ ಮಳೆಕೋಟಿಗೆ ಹೊಲಿದಿದ್ದರು, ಲಾಡಿಗಳು ಹಾಗೇ ಜೋತಾಡುತ್ತಿದ್ದವು. ಕೋಟಿನ ಎರಡೂ ಜೇಬಿಗೆ ಹೆಂಡತಿ ಬುತ್ತಿಯ ಡಬ್ಬಿ, ನೀರಿನ ಬಾಟಲಿ, ಬಾಳೆಹಣ್ಣು ತುರುಕಿದ್ದಳು.

ಹೊರಡುವ ಮೊದಲೇ ಜಗಳವಾಯಿತು. ಷಡ್ಡಕರು ಹಾಸಿಗೆಯವರ ಕಣ್ಣಿನ ಕೆಳಗೆ ಬೆರಳಿಟ್ಟು ರೆಪ್ಪೆ ಎಳೆದು ನೋಡಿ, "ಭಾವ, ನಿಮ್ಮ ಬಣ್ಣ ಚೆನ್ನಾಗಿಲ್ಲ. ಈ ಮೈಯಿಟ್ಕೊಂಡು ಹೊರಟ್ರೆ ವಾಪಸ್ ಬರ್ತೀರಿ ಅನ್ನೋ ಧೈರ್ಯ ನನಗಿಲ್ಲ" ಎಂದರು.

"ನಿಮ್ಮ ಬಾಯಲ್ಲಿ ಒಳ್ಳೆ ಮಾತು ಬರೋದೇ ಇಲ್ವೇನ್ರೀ ಷಡ್ಕರೇ? ಮಾತಾಡದೇ ಇದ್ರೆ ನೀವು ಎಷ್ಟೋ ವಾಸಿ."

"ಹೌದಾ? ಹಾಗಾದ್ರೆ ಊರು ಮುಟ್ಟೋವರೆಗೂ ಒಂದೇ ಒಂದು ಮಾತಾಡಿದ್ರೆ ಕೇಳಿ. ಹಿಂದೆ ಬರ್ತಾ ಇರ್ತೀನಿ. ಅಷ್ಟೇ."

ಸೀಟಿ ಊದಿದರು. ಜೋಡಿಗಳೆಲ್ಲ ಮಂಜಿನೊಳಗೆ ಕರಗಿಹೋದವು.

ಸೇತುವೆಯ ಮೇಲೆ ಬರುವಷ್ಟರಲ್ಲಿ ಹಾಸಿಗೆಯವರಿಗೆ ಸೆಕೆಯಾಗಿ ಕೋಟು ಬೇಡವೆನಿಸಿತು. ಸೈಕಲ್ಲನ್ನು ಕಟ್ಟೆಗೆ ಒರಗಿಸಿ ಕೋಟು ಬಿಚ್ಚಿ ಕಟ್ಟೆಯ ಮೇಲಿಟ್ಟರು. ಜೋತಾಡುವ ಲಾಡಿ ಎಲ್ಲಿಗೋ ಸಿಕ್ಕಿಕೊಂಡಿತ್ತು. ಜೋರಾಗಿ ಎಳೆದರು. ಲಾಡಿ ಕಿತ್ತಿತು, ಕೋಟು ಕಟ್ಟೆಯಾಚೆ ಜಾರಿತು. ಕೆಳಗಿನ ಮಂಜಿನೊಳಗಿಂದ ಧುಡುಂ ಎಂದು ಸದ್ದು ಬಂತು. ಬುತ್ತಿ ಹೋಯಿತಲ್ಲ ಎಂದು ಒಂದು ಗಳಿಗೆ ಮರುಗಿ, ಭಾರ ಕಡಿಮೆಯಾಯಿತು ಎಂದು ಸಮಾಧಾನ ಮಾಡಿಕೊಂಡು, "ಬನ್ರೀ ಷಡ್ಕರೇ" ಎಂದು ಹಿಂದಕ್ಕೆ ಕೂಗಿ ಪೆಡಲು ತುಳಿದರು.

ಷಡ್ಡಕರು ಆಗ ಸೇತುವೆಯ ಈ ತುದಿಯಲ್ಲಿ ನಿಂತು ಒಂದು ಮಾತ್ರೆ ನುಂಗುತ್ತಿದ್ದರು. ಧುಡುಂ ಎಂಬ ಸದ್ದು ಅವರಿಗೂ ಕೇಳಿತು, ಕಾವಲಿಗೆ ನಿಂತಿದ್ದ ಪೊಲೀಸಿನವರಿಗೂ ಕೇಳಿತು. ಇಬ್ಬರೂ ಓಡಿಬಂದು ಬಗ್ಗಿ ನೋಡಿದರು. ಮಂಜು ಒಂದಿಷ್ಟು ಸರಿದ ಕಡೆ, ಹೊಳೆಯ ಮೇಲೆ ಹಳದಿ ಕೋಟೊಂದು ಕೈ ಚಾಚಿಕೊಂಡು ಬೋರಲಾಗಿ ತೇಲಿಹೋಗುತ್ತಿತ್ತು.

"ನಿಮ್ಮ ಜೊತೆಯವರಾ? ದಪ್ಪಗಿದಾರಾ?" ಎಂದರು ಪೊಲೀಸಿನವರು.

ಷಡ್ಡಕರು ತೇಲುತ್ತಿದ್ದ ಕೋಟನ್ನೇ ನೋಡುತ್ತ, "ದಪ್ಪಗಿದ್ರು" ಎಂದರು.

ಆ ಒಂದು ಮಾತಿನಿಂದ ಹಾಸಿಗೆಯವರು ವರ್ತಮಾನಕಾಲದಿಂದ ಭೂತಕಾಲಕ್ಕೆ ಸಂದರು. ಪೊಲೀಸಿನವರು ಕಾರ್ಯದರ್ಶಿಗಳಿಗೆ ಫೋನು ಮಾಡಿದರು. ಕಾರ್ಯದರ್ಶಿಗಳು ದಾರಿಯಲ್ಲಿದ್ದ ಎಲ್ಲರಿಗೂ ಫೋನು ಮಾಡಿದರು. ಸುದ್ದಿಗೆ ಸೈಕಲ್ ಬೇಕಾಗುವುದಿಲ್ಲ. ಅದು ಹಾಸಿಗೆಯವರಿಗಿಂತ ಮುಂದೆ ಹೋಯಿತು.

ಇತ್ತ ಹಾಸಿಗೆಯವರು ಜೌಗಿನ ಬಯಲಿನಲ್ಲಿ ಏಕಾಂಗಿಯಾಗಿ ಸಾಗುತ್ತಿದ್ದರು. ಏಕಾಂಗಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಎರಡೂ ಕಡೆ ನೀರು, ನೀರಿನ ಮೇಲೆ ಮಂಜು. ಒಂದು ಹಕ್ಕಿಯ ದನಿಯೂ ಇಲ್ಲ. ಕೇಳುತ್ತಿದ್ದುದು ಒಂದೇ ಸದ್ದು: ಬೆನ್ನ ಹಿಂದೆ, ಬಹಳ ಹತ್ತಿರದಲ್ಲಿ, ಟಿಕ್, ಟಿಕ್, ಟಿಕ್. ಇವರು ಜೋರಾಗಿ ತುಳಿದರೆ ಅದೂ ಜೋರಾಗುತ್ತಿತ್ತು. ನಿಧಾನಿಸಿದರೆ ಅದೂ ನಿಧಾನಿಸುತ್ತಿತ್ತು. ನಿಂತರೆ ನಿಲ್ಲುತ್ತಿತ್ತು.

"ಪರವಾಗಿಲ್ಲ, ಒಳ್ಳೇ ಜೊತೆ ಕೊಡ್ತಾ ಇದೀರಿ" ಎಂದರು ಹಾಸಿಗೆಯವರು.

ಹಿಂದಿನಿಂದ ಅದೇ ಟಿಕ್, ಟಿಕ್.

ತಿರುಗಿ ನೋಡುವಂತಿರಲಿಲ್ಲ. ಒಮ್ಮೆ ಕತ್ತು ತಿರುಗಿಸಲು ಹೋದರೆ ಕತ್ತಿನ ಜೊತೆಗೆ ಹ್ಯಾಂಡಲ್ಲೂ ತಿರುಗಿ ಅವರು ಕೆಸರಿಗೆ ಇಳಿದಿದ್ದರು. ಕೆಸರಿನಲ್ಲಿ ಕೂತು ನೋಡಿದರೂ ಹಿಂದೆ ಕಂಡದ್ದು ಬಿಳಿ ಗೋಡೆಯಂಥ ಮಂಜು. "ಕೈ ಕೊಟ್ಟು ಎಬ್ಬಿಸೋಕೂ ಬರಲ್ಲ ನೋಡು, ಎಂಥ ಹಟ!" ಎಂದು ಗೊಣಗಿ ತಾವೇ ಎದ್ದು ಹತ್ತಿದರು. ಹತ್ತಿದ ಕೂಡಲೇ ಟಿಕ್, ಟಿಕ್.

ಬಯಲಿನ ಕೊನೆಯಲ್ಲಿ ಸಂಘದವರ ಮೇಜು. ಮೇಜಿನ ಹಿಂದೆ ಬಾವುಟ ಹಿಡಿದ ನಿವೃತ್ತ ಮೇಷ್ಟ್ರೊಬ್ಬರು. ಕಾರ್ಯದರ್ಶಿಗಳ ಫೋನು ಬಂದು, "ಛೇ, ಪಾಪ" ಎಂದು ಅವರು ಟೋಪಿ ತೆಗೆದಿಟ್ಟು ಇನ್ನೂ ತಲೆಗೆ ಹಾಕಿರಲಿಲ್ಲ. ಅಷ್ಟರಲ್ಲಿ ಮಂಜು ಸೀಳಿಕೊಂಡು, ಮೈಯೆಲ್ಲ ಕೆಸರಾಗಿ, ಕೋಟಿಲ್ಲದ, ನಂಬರಿಲ್ಲದ ಒಂದು ದೊಡ್ಡ ಆಕಾರ ಬಂದು ನಿಂತಿತು.

"ನಂಬರು?" ಎಂದರು ಮೇಷ್ಟ್ರು. ದನಿ ಅವರದೇ ಎಂದು ಅವರಿಗೇ ನಂಬಿಕೆಯಾಗಲಿಲ್ಲ.

"ನಂಬರು ಹೊಳೆ ಪಾಲಾಯ್ತು."

"ನೀವು...?"

"ನಾನೂ ಜೊತೆಗೇ ಹೋಗ್ಬೇಕಿತ್ತು. ಏನೋ ಹೀಗೆ ಓಡಾಡ್ಕೊಂಡಿದೀನಿ. ಎರಡು ಲೋಟ ನೀರು ಕೊಡಿ. ಒಂದು ನನಗೆ, ಒಂದು ನನ್ನ ಹಿಂದೆ ಇದಾರಲ್ಲ, ಅವರಿಗೆ."

ಮೇಷ್ಟ್ರು ಹಿಂದೆ ನೋಡಿದರು. ಮಂಜು ಮೆಲ್ಲಗೆ ಸುಳಿಯುತ್ತಿತ್ತು.

"ಅಲ್ಲಿ ಯಾರೂ..."

"ಇದಾರೆ. ಹಾಗೆಲ್ಲ ದಿಟ್ಟಿಸಬೇಡಿ. ನೋಡಿದ್ರೆ ಜಾಸ್ತಿ ಮಾಡ್ಕೋತಾರೆ" ಎಂದು ಹಾಸಿಗೆಯವರು ಪಿಸುಗುಟ್ಟಿದರು. ತಮ್ಮ ಲೋಟ ಬರಿದು ಮಾಡಿದರು. ಇನ್ನೊಂದು ಲೋಟವನ್ನು ಮೇಜಿನ ಅಂಚಿಗೆ ಸರಿಸಿ, ಮಂಜಿನತ್ತ ತಿರುಗಿ, "ಇಲ್ಲಿಟ್ಟಿದೀನಿ ನೋಡಿ, ಕುಡಿದು ಬನ್ನಿ" ಎಂದು ಹೇಳಿ ಹೊರಟುಹೋದರು.

ಅವರು ಮರೆಯಾದ ಮೇಲೆ ಮೇಷ್ಟ್ರು ಫೋನು ತೆಗೆದರು.

"ಸಾರ್, ಅವರು ಬಂದಿದ್ರು."

"ಯಾರು?"

"ಹೊಳೆಗೆ ಬಿದ್ದೋರು."

ಕಾರ್ಯದರ್ಶಿಗಳು ಕಾನೂನು ಬಲ್ಲವರು. ಸ್ವಲ್ಪ ಹೊತ್ತು ಯೋಚಿಸಿದರು. "ನೀರು ತಗೊಂಡ್ರಾ?"

"ಎರಡು ಲೋಟ ಕೇಳಿದ್ರು. ಒಂದು ಜೊತೇಲಿರೋರಿಗಂತೆ. ಜೊತೇಲಿ ಯಾರೂ ಇರಲಿಲ್ಲ ಸಾರ್. ನಾನು ಏನು ಮಾಡಬೇಕಿತ್ತು?"

"ಸತ್ತವರಿಗೆ ನೀರು ಕೊಡಬಾರದು ಅಂತ ನಿಯಮದಲ್ಲಿ ಎಲ್ಲೂ ಇಲ್ಲ. ಆದ್ರೆ ಅವರನ್ನ ಸ್ಪರ್ಧೆಯಿಂದ ಕೈಬಿಟ್ಟಾಗಿದೆ. ಇನ್ನೊಂದು ಸಲ ಬಂದ್ರೆ ತಿಳಿಸಿ ಹೇಳಿ."

"ಸಾರ್, ನಾನು ಮನೆಗೆ ಹೋಗ್ತೀನಿ" ಎಂದರು ಮೇಷ್ಟ್ರು. ಬಾವುಟವನ್ನು ಅಲ್ಲೇ ಬಿಟ್ಟರು.

ಮುಂದೆ ಹಳ್ಳಿ ಬಂತು. ಹಾಸಿಗೆಯವರು ಬೆನ್ನು ನೆಟ್ಟಗೆ ಮಾಡಿ ಕೂತರು. ರೇಸಿನವರು ಬಂದರೆ ಹಳ್ಳಿಯವರು ಸಾಲಾಗಿ ನಿಂತು ಕೇಕೆ ಹಾಕುತ್ತಾರೆಂದು ಕೇಳಿದ್ದರು. ಜನ ಸಾಲಾಗಿಯೇ ನಿಂತಿದ್ದರು. ಕೇಕೆ ಮಾತ್ರ ಇಲ್ಲ. ಅವರು ಹತ್ತಿರವಾದಂತೆ ಸಾಲು ಒಂದು ಹೆಜ್ಜೆ ಹಿಂದಕ್ಕೆ ಸರಿಯಿತು. ಬಾಗಿಲುಗಳು ಒಂದೊಂದಾಗಿ ಮೆತ್ತಗೆ ಮುಚ್ಚಿಕೊಂಡವು, ಕಿಟಕಿಗಳು ಬೆರಳಷ್ಟೇ ತೆರೆದುಕೊಂಡವು. ನಾಯಿಯೊಂದು ಬೊಗಳಲು ಬಾಯಿ ತೆರೆದು, ಯೋಚನೆ ಬದಲಿಸಿ, ಗಾಡಿಯ ಕೆಳಗೆ ನುಸುಳಿತು. ಎಲ್ಲರೂ ಅವರ ಪಾದಗಳನ್ನೇ ನೋಡುತ್ತಿದ್ದರು. ಹಿಂದು ಮುಂದಾಗಿವೆಯೋ ಎಂದು ನೋಡುತ್ತಿದ್ದಾರೆಂದು ಹಾಸಿಗೆಯವರಿಗೇನು ಗೊತ್ತು? ಹೊಸ ಬೂಟು ಹಾಕಿಕೊಂಡು ಬಂದದ್ದು ಸಾರ್ಥಕವಾಯಿತು ಎಂದುಕೊಂಡು ಪೆಡಲಿನ ಮೇಲೆ ಪಾದವನ್ನು ಆಚೆ ಈಚೆ ತಿರುಗಿಸಿ ತೋರಿಸಿದರು. ಪಾದ ತಿರುಗಿದ್ದನ್ನು ಕಂಡವರು ಹಿತ್ತಿಲ ಬಾಗಿಲಿನಿಂದ ಓಡಿದರು.

ಬೇಲಿಯ ಬಳಿ ಒಬ್ಬ ಅಜ್ಜಿ ಮಾತ್ರ ಕದಲದೆ ನಿಂತಿದ್ದಳು. ಆ ವಯಸ್ಸಿಗೆ ಹೆದರಿಕೆ ಬಿಟ್ಟುಹೋಗಿರುತ್ತದೆ.

"ದಾರಿ ತಪ್ಪಿದೀಯ ಮಗಾ. ನಿನ್ನ ದಾರಿ ಈ ಕಡೆ ಅಲ್ಲ."

"ಬಾಣದ ಗುರುತು ಈ ಕಡೆಗೇ ಇದೆಯಲ್ಲ ಅಜ್ಜಿ?"

"ಎಲ್ರಿಗೂ ಹಾಗೇ ಕಾಣುತ್ತೆ. ಮನೆ ಮೇಲಿನ ಆಸೆ ಬಿಡು. ಸುಮ್ಮನೆ ಸುತ್ತಬೇಡ."

"ಆಸೆ ಏನಿಲ್ಲ ಅಜ್ಜಿ, ಶುರು ಮಾಡಿದ್ದು ಮುಗಿಸಬೇಕಲ್ಲ."

"ಮುಗೀತಪ್ಪ" ಎಂದಳು ಅಜ್ಜಿ, ಕಣ್ಣೊರೆಸಿಕೊಂಡು. "ನಿಂದು ಎಲ್ಲಾ ಮುಗೀತು. ಕಷ್ಟ ಏನಿದ್ರೂ ನಿನ್ನ ಹೆಂಡತೀದು."

ಊರು ಹತ್ತಿರ ಬಂತೆಂದು ಹೇಳುತ್ತಿದ್ದಾಳೆಂದು ಹಾಸಿಗೆಯವರು ಭಾವಿಸಿದರು. "ನಿಮ್ಮ ಬಾಯಿ ಹರಕೆ ಫಲಿಸಲಿ ಅಜ್ಜಿ" ಎಂದು ಕೈ ಮುಗಿದು ಮುಂದೆ ಸಾಗಿದರು.

ಹಳ್ಳಿಯ ಶಾಲೆಯ ಜಗಲಿಯಲ್ಲಿ ವೈದ್ಯಕೀಯ ತಪಾಸಣೆ. ನರ್ಸಮ್ಮ ಒಬ್ಬಳೇ ಕೂತಿದ್ದಳು. ಜೊತೆಗಿದ್ದವರು ಹಳ್ಳಿಯ ಗದ್ದಲ ಕೇಳಿ ಎತ್ತಲೋ ಹೋಗಿದ್ದರು. ಆಕೆ ಓದಿದವಳು, ಇಂಥದನ್ನೆಲ್ಲ ನಂಬುವವಳಲ್ಲ. ಆದ್ದರಿಂದ ಕಣ್ಣು ಮುಚ್ಚಿಕೊಂಡೇ ಹಾಸಿಗೆಯವರ ಮಣಿಕಟ್ಟು ಹಿಡಿದಳು. ಹ್ಯಾಂಡಲ್ ಹಿಡಿದು ಹಿಡಿದು ಮಂಜಿನಲ್ಲಿ ಮರಗಟ್ಟಿದ್ದ ಕೈ ಬಾವಿಯ ಕಲ್ಲಿನಂತೆ ತಣ್ಣಗಿತ್ತು. ಆಕೆ ನಾಡಿ ಹುಡುಕಿದಳು. ಕೊಬ್ಬಿನ ಕೆಳಗೆ ಅದು ಎಲ್ಲಿತ್ತೋ, ಸಿಗಲಿಲ್ಲ. ಇನ್ನೊಂದು ಕೈ ಹಿಡಿದಳು. ಅಲ್ಲೂ ಇಲ್ಲ.

"ಸಿಗ್ತಾ ಇಲ್ಲ" ಎಂದಳು, ತುಟಿ ಬಿಳಿಚಿಕೊಂಡು.

ಹಾಸಿಗೆಯವರ ಮುಖ ಅರಳಿತು. "ಕ್ರೀಡಾಪಟುಗಳದ್ದು ಹಾಗೇ ಅಂತೆ ಕಣಮ್ಮ. ನಾಡಿ ಬಹಳ ನಿಧಾನ. ಪೇಪರಲ್ಲಿ ಓದಿದೀನಿ. ನನ್ನ ಷಡ್ಕರದ್ದೂ ನೋಡಿಬಿಡಿ, ಅವರದ್ದೂ ಇರಲಿಕ್ಕಿಲ್ಲ. ರೀ ಷಡ್ಕರೇ, ಬನ್ರೀ ಇಲ್ಲಿ!"

ಮಂಜಿನೊಳಗಿಂದ ಯಾರೂ ಬರಲಿಲ್ಲ. ನರ್ಸಮ್ಮ ಕೆಲ ಹೊತ್ತು ಆ ಯಾರೂ ಇಲ್ಲದ ಕಡೆಗೆ ನೋಡಿದಳು. ಆಮೇಲೆ ಔಷಧಿ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಶಾಲೆಯೊಳಗೆ ಹೋಗಿ ಚಿಲಕ ಹಾಕಿಕೊಂಡಳು.

ಹಳ್ಳಿ ದಾಟಿದ ಮೇಲೆ ಮರಗಳ ಸಾಲು. ಎರಡೂ ಬದಿಯ ಮರಗಳು ಮೇಲೆ ಕೂಡಿಕೊಂಡು, ಹಗಲಿನಲ್ಲೂ ರಸ್ತೆ ಉದ್ದನೆಯ ಗುಹೆಯಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆನ್ನ ಹಿಂದೆ ಟಿಕ್, ಟಿಕ್. ಯಾಕೋ ಹಾಸಿಗೆಯವರಿಗೆ ಷಡ್ಡಕರ ಮೇಲೆ ಮನಸ್ಸು ಕರಗಿತು. ಇಷ್ಟು ದೂರ ಒಂದೂ ರೋಗದ ಹೆಸರು ಹೇಳದೆ, ಒಂದು ಸಲವೂ ಕೆಮ್ಮದೆ ಬಂದ ಮನುಷ್ಯ!

"ನೋಡ್ರೀ ಷಡ್ಕರೇ, ನೀವು ಹೀಗೇ ಇದ್ರೆ ನಾನು ವಾರ ವಾರ ನಿಮ್ಮನೆಗೆ ಊಟಕ್ಕೆ ಬರೋಕೆ ತಯಾರು. ಬೇಕಾದ್ರೆ ನೀವೂ ನಮ್ಮನೆಗೆ ಬನ್ನಿ."

ಟಿಕ್, ಟಿಕ್.

"ನೀವು ಒಳ್ಳೇವ್ರೇ. ಬಾಯಿ ಒಂದು ಕೆಟ್ಟದ್ದು."

ಟಿಕ್.

ಮರಗಳ ಸಾಲಿನ ಕೊನೆಯಲ್ಲಿ ಪಂಕ್ಚರ್ ಹಾಕುವವನ ತಗಡಿನ ಅಂಗಡಿ. ರೇಸಿನವರ ಸೈಕಲ್ಲು ರಿಪೇರಿಗೆಂದು ಸಂಘದವರು ಅವನನ್ನು ಗೊತ್ತು ಮಾಡಿದ್ದರು. ಅವನ ಫೋನು ಬೆಳಗಿನಿಂದ ಚಾರ್ಜಿಗೆ ಇದ್ದು ಆಗತಾನೇ ಜೀವ ಬಂದಿತ್ತು, ಹಾಗಾಗಿ ಅವನಿಗೆ ಸುದ್ದಿ ಮುಟ್ಟಿರಲಿಲ್ಲ. ಅವನು ಆ ದಿನ ಹಾಸಿಗೆಯವರನ್ನು ಮನುಷ್ಯರಂತೆ ಮಾತಾಡಿಸಿದ ಮೊದಲನೆಯವನು.

"ಏನ್ ಸಾರ್, ಇಷ್ಟು ದೂರ ಈ ಸದ್ದು ಮಾಡ್ಕೊಂಡೇ ಬಂದ್ರಾ?" ಎಂದು ಅವನು ಹಿಂದಿನ ಚಕ್ರಕ್ಕೆ ಕೈ ಹಾಕಿ, ಕಡ್ಡಿಗಳಿಗೆ ಸುತ್ತಿಕೊಂಡಿದ್ದ ಒಂದು ಲಾಡಿಯನ್ನು ಎಳೆದು ಬಿಸಾಡಿದ. "ಗಂಟು ಪ್ರತಿ ಸುತ್ತಿಗೂ ಮಡ್‌ಗಾರ್ಡಿಗೆ ಬಡೀತಿತ್ತು. ಟಿಕ್ ಟಿಕ್ ಅಂತ."

ಹಾಸಿಗೆಯವರು ಬಿದ್ದಿದ್ದ ಲಾಡಿಯನ್ನು ನೋಡಿದರು. ಹಿಂದೆ ನೋಡಿದರು. ಬಹಳ ಹೊತ್ತು ನೋಡಿದರು. ಮರಗಳ ಗುಹೆಯಿಂದ ಯಾರೂ ಬರಲಿಲ್ಲ.

"ಹಾಗಾದ್ರೆ... ನನ್ನ ಹಿಂದೆ ಇದ್ದಿದ್ದು?"

"ಏನೂ ಇರಲಿಲ್ಲ ಸಾರ್. ಈ ಲಾಡಿಯೇ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಪಂಕ್ಚರಿನವನು ಕಿವಿಗಿಟ್ಟುಕೊಂಡ. "ಹೂಂ... ಷಡ್ಡಕರ ಜೋಡಿ... ಯಾವಾಗ?... ಸೇತುವೆ ಹತ್ರಾನಾ?... ಅಯ್ಯೋ." ಫೋನಿಗೆ ಕೈ ಅಡ್ಡ ಹಿಡಿದು, "ಸಾರ್, ಷಡ್ಡಕರ ಜೋಡಿ ಅಂದ್ರೆ ನೀವೇ ಏನು? ಇಬ್ರಲ್ಲಿ ಒಬ್ರು ಬೆಳಗ್ಗೇನೇ ಹೊಳೆಗೆ ಬಿದ್ದು ತೀರಿಕೊಂಡ್ರಂತೆ" ಎಂದ.

ಹಾಸಿಗೆಯವರಿಗೆ ಗಣಿತ ಬರುತ್ತಿತ್ತು. ಇಬ್ಬರಲ್ಲಿ ಒಬ್ಬರು ಹೋದರು. ನಾನು ಇಲ್ಲಿದ್ದೇನೆ. ಅಂದಮೇಲೆ ಹೋದವರು ಯಾರು? ಅವರು ತಗಡಿನ ಗೋಡೆಗೆ ಒರಗಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು. "ಅಯ್ಯೋ ಷಡ್ಕರೇ! ಮಾತಾಡಬೇಡಿ ಅಂದೆ ಅಂತ ಹೀಗೆ ಮಾಡಿಬಿಟ್ರಾ! ನಾದಿನಿಗೆ ನಾನು ಯಾವ ಮುಖ ಇಟ್ಕೊಂಡು ಹೇಳ್ಲಿ?"

ಪಂಕ್ಚರಿನವನಿಗೂ ಗಣಿತ ಬರುತ್ತಿತ್ತು. ಅವನು ಫೋನನ್ನು ಮತ್ತೆ ಕಿವಿಗಿಟ್ಟುಕೊಂಡು, "ಯಾರು, ಯಾವ ಥರ ಇದ್ರು?" ಎಂದು ಕೇಳಿದ. ಆ ಕಡೆಯಿಂದ ಉತ್ತರ ಬಂತು. ಅವನ ದೃಷ್ಟಿ ಮೆಲ್ಲಗೆ ಹಾಸಿಗೆಯವರ ಹೊಟ್ಟೆಯ ಮೇಲೆ ನಿಂತಿತು. ಹಾಸಿಗೆಯವರು ಕಣ್ಣೊರೆಸಿಕೊಂಡು ತಲೆಯೆತ್ತಿದಾಗ ಅಂಗಡಿಯಲ್ಲಿ ಯಾರೂ ಇರಲಿಲ್ಲ. ಫೋನು ನೆಲದ ಮೇಲೆ ಬಿದ್ದು, "ಹಲೋ, ಹಲೋ" ಎಂದು ಒಂದೇ ಸಮನೆ ಕರೆಯುತ್ತಿತ್ತು.

ಇಡೀ ದಿನ ತಾನು ಕರೆಕರೆದು ಮಾತಾಡಿಸಿದ್ದು, ನೀರು ತೆಗೆದಿಟ್ಟದ್ದು, ಊಟಕ್ಕೆ ಕರೆದದ್ದು ಯಾರನ್ನು? ಹಿಂದಕ್ಕೆ ಹೋಗುವುದಕ್ಕಿಂತ ಮುಂದಕ್ಕೆ ಹೋಗುವುದೇ ಊರಿಗೆ ಹತ್ತಿರ. ಹಾಸಿಗೆಯವರು ಸೈಕಲ್ ಹತ್ತಿದರು. ಈಗ ಸದ್ದಿಲ್ಲ. ಲಾಡಿ ಅಂಗಡಿಯ ಮುಂದೆ ಬಿದ್ದಿತ್ತು. ಅವರು ತುಳಿದರು. ನಿಶ್ಶಬ್ದ. ಒಂದು ತಿರುವು ದಾಟಿದರು. ನಿಶ್ಶಬ್ದ.

ಆಮೇಲೆ, ದೂರದಲ್ಲಿ, ಬೆನ್ನ ಹಿಂದೆ, ಕಿರ್... ಕಿರ್... ಕಿರ್.

ಅದರ ಹಿಂದೆಯೇ ಮಂಜಿನೊಳಗಿಂದ ಒಂದು ಅಳುವ ದನಿ ತೇಲಿಬಂತು: "ಭಾವಾ..."

ಆ ದನಿ ಯಾರದೆಂದು ಹೇಳಬೇಕಾಗಿಲ್ಲ. ಷಡ್ಡಕರು ಮಧ್ಯಾಹ್ನದವರೆಗೂ ಹೊಳೆಯ ದಡದಲ್ಲಿ ಓಡಾಡಿದ್ದರು. ಕೋಟು ಸಿಕ್ಕಿತ್ತು, ಬುತ್ತಿ ಸಿಕ್ಕಿತ್ತು, ಹಾಸಿಗೆಯವರು ಸಿಕ್ಕಿರಲಿಲ್ಲ. ಮನೆಗೆ ಹೋಗಿ ಹೆಂಡತಿಯ ಅಕ್ಕನ ಮುಖ ನೋಡುವ ಧೈರ್ಯ ಅವರಿಗಿರಲಿಲ್ಲ. ವಾಪಸ್ ಬರುವುದಿಲ್ಲ ಎಂದು ತಾವೇ ಅಂದಿದ್ದು ಎದೆಯಲ್ಲಿ ಮುಳ್ಳಾಗಿತ್ತು. ಕೊನೆಗೆ, ಭಾವ ಶುರು ಮಾಡಿದ್ದನ್ನು ತಾನಾದರೂ ಮುಗಿಸಬೇಕು ಎಂದುಕೊಂಡು, ಅಡ್ಡದಾರಿ ಹಿಡಿದು ಮರಗಳ ಸಾಲಿಗೆ ಬಂದು ಸೇರಿದ್ದರು. ಉದ್ದಕ್ಕೂ "ಭಾವಾ, ಕ್ಷಮಿಸಿಬಿಡಿ ಭಾವಾ" ಎಂದು ಅಳುತ್ತ ತುಳಿಯುತ್ತಿದ್ದರು.

ಹಾಸಿಗೆಯವರಿಗೆ ಇದೇನೂ ಗೊತ್ತಿಲ್ಲ. "ನಾನೇನೂ ಮಾಡಿಲ್ರೀ! ನಾನು ನೀರು ಇಟ್ಟಿದ್ದೆ!" ಎಂದು ಕಿರುಚಿ, ಜನ್ಮದಲ್ಲಿ ತುಳಿಯದಷ್ಟು ಜೋರಾಗಿ ತುಳಿದರು.

ಮುಂದಿನ ಮಂಜಿನಲ್ಲಿ ತೀರಿಹೋದ ಭಾವನ ದನಿ ಕೇಳಿ ಷಡ್ಡಕರ ಅಳು ತಟ್ಟನೆ ನಿಂತಿತು. ಅಗಲವಾದ ಆ ಬೆನ್ನು ಒಮ್ಮೆ ಕಂಡಿತು, ಮಾಯವಾಯಿತು, ಮತ್ತೆ ಕಂಡಿತು. ನಿಲ್ಲಲು ಹೆದರಿಕೆ, ನಿಂತರೆ ಈ ಮಂಜಿನಲ್ಲಿ ತಾನೊಬ್ಬನೇ. "ಭಾವಾ, ನನ್ನನ್ನ ಬಿಟ್ಟು ಹೋಗಬೇಡಿ!" ಎಂದು ಕೂಗಿ ಅವರೂ ಬಲವಾಗಿ ತುಳಿದರು.

"ಬರಲ್ಲಾ! ನಾನು ನಿಮ್ಮ ಜೊತೆ ಬರಲ್ಲಾ! ನನಗೆ ಅಂಗಡಿ ಇದೆ!"

ಹೀಗೆ ಒಬ್ಬರು ತಪ್ಪಿಸಿಕೊಳ್ಳುತ್ತ, ಇನ್ನೊಬ್ಬರು ಅಟ್ಟಿಸಿಕೊಂಡು ಹೋಗುತ್ತ, ಇಬ್ಬರೂ ಬೊಬ್ಬೆ ಹಾಕುತ್ತ ಹಾರಿಹೋದರು. ಅವರಿಗಿಂತ ಮುಂದಿದ್ದ ಜೋಡಿಗಳು ಈ ಬೊಬ್ಬೆ ಹತ್ತಿರವಾಗುವುದನ್ನು ಕೇಳಿ ರಸ್ತೆ ಬಿಟ್ಟು ಚರಂಡಿಗೆ ಇಳಿದು ತಲೆ ಬಗ್ಗಿಸಿ ಕೂತವು. ಜೋಡಿ ರೇಸಿನಲ್ಲಿ ಅಷ್ಟು ವೇಗ ಅದಕ್ಕೆ ಮೊದಲು ಯಾರೂ ಕಂಡಿರಲಿಲ್ಲ.

ಊರ ಬಾಗಿಲಿನಲ್ಲಿ ಸುಣ್ಣದ ಗೆರೆ ಎಳೆದು ಶಾಮಿಯಾನ ಹಾಕಿದ್ದರು. ಕಾರ್ಯದರ್ಶಿಗಳು ಮೈಕಿನಲ್ಲಿ ಮೃತರ ಗುಣಗಾನ ಮಾಡಿ, ಎಲ್ಲರನ್ನೂ ಎಬ್ಬಿಸಿ ಒಂದು ನಿಮಿಷ ಮೌನ ಆಚರಿಸಿ, ಆಗತಾನೇ ಕೂರಿಸಿದ್ದರು. ಮುಂದಿನ ಕುರ್ಚಿಯಲ್ಲಿ ಹಾಸಿಗೆಯವರ ಹೆಂಡತಿ ಕೂತಿದ್ದಳು. ಸುತ್ತ ನೆರೆಹೊರೆಯವರು. ತಂಗಿ ಅಳುತ್ತಿದ್ದಳು. ಆಕೆ ಅಳುತ್ತಿರಲಿಲ್ಲ.

"ಅತ್ತುಬಿಡಿ, ಎದೆ ಹಗುರ ಆಗುತ್ತೆ" ಎಂದಳು ಪಕ್ಕದ ಮನೆಯಾಕೆ.

"ಹೊಳೆಗೆ ಬೀಳಬೇಕಾದ್ರೆ ಸೇತುವೆ ಕಟ್ಟೆ ಹತ್ತಬೇಕು. ಅವರಿಗೆ ಸ್ಟೂಲು ಹತ್ತೋಕೂ ಆಗಲ್ಲ. ನಾನು ನಂಬಲ್ಲ" ಎಂದಳು ಆಕೆ. ಬೆಳಗಿನಿಂದ ಇದೇ ಮಾತನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. ಹೇಳುವಾಗ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತಿದ್ದಳು.

ಆಗ ಮಂಜಿನೊಳಗಿಂದ ಕೇಳಿತು. ಮೊದಲು ಒಂದು ಊಳು, ಅದಕ್ಕೆ ಉತ್ತರವಾಗಿ ಇನ್ನೊಂದು ಊಳು. ಜನ ಎದ್ದು ನಿಂತರು. ಬಿಳಿ ಪರದೆ ಹರಿದು ಕೆಸರು ಮೆತ್ತಿದ ಹಾಸಿಗೆಯವರು ಹೊರಬಂದರು. ಅವರ ಚಕ್ರಕ್ಕೆ ಚಕ್ರ ತಾಗಿಸಿಕೊಂಡು ಷಡ್ಡಕರು. ಒಟ್ಟಿಗೇ ಗೆರೆ ಮುಟ್ಟಿದರು, ಒಟ್ಟಿಗೇ ಬಿದ್ದರು. ಅಕ್ಕ ತಂಗಿಯರಿಬ್ಬರನ್ನು ಬಿಟ್ಟರೆ ಶಾಮಿಯಾನ ಒಂದು ಕ್ಷಣದಲ್ಲಿ ಬರಿದಾಯಿತು. ಕಾರ್ಯದರ್ಶಿಗಳು ಮೇಜಿನ ಕೆಳಗಿದ್ದರು.

ಹಾಸಿಗೆಯವರು ತೆವಳಿಕೊಂಡು ಹೋಗಿ ಹೆಂಡತಿಯ ಹಿಂದೆ ಅಡಗಿದರು. "ಅವರು ಹೋಗಿಬಿಟ್ಟಿದಾರೆ ಕಣೇ! ಬೆಳಗ್ಗಿನಿಂದ ನನ್ನ ಹಿಂದೇನೇ ಇದಾರೆ!"

"ನಾನಲ್ಲ, ಅವರು! ಅಕ್ಕಾ, ಅವರನ್ನ ಮುಟ್ಟಬೇಡಿ!" ಎಂದು ಷಡ್ಡಕರು ತಮ್ಮ ಹೆಂಡತಿಯ ಸೆರಗು ಹಿಡಿದುಕೊಂಡರು.

ಹಾಸಿಗೆಯವರ ಹೆಂಡತಿ ತಿರುಗಿ ಗಂಡನ ಕೆನ್ನೆಯ ಮೇಲೆ ಅಂಗೈ ಇಟ್ಟಳು. ಕೈಯನ್ನು ನೋಡಿಕೊಂಡಳು. ಒದ್ದೆಯಾಗಿತ್ತು.

"ಬೆವರು" ಎಂದಳು. "ಸತ್ತವರು ಬೆವರಲ್ಲ. ಏಳಿ ಮೇಲೆ." ಷಡ್ಡಕರ ಕಡೆ ತಿರುಗಿ, "ನೀವೂ ಅಷ್ಟೇ. ಸತ್ತವರ ಮೂಗು ಸೋರಲ್ಲ" ಎಂದಳು. ಇಬ್ಬರ ಕೈಯನ್ನೂ ಎಳೆದು ಒಂದರ ಮೇಲೊಂದು ಇಟ್ಟಳು. ಇಬ್ಬರೂ ಕಣ್ಣು ಮುಚ್ಚಿಕೊಂಡಿದ್ದರು. ಮೊದಲು ಷಡ್ಡಕರು ಹಿಸುಕಿ ನೋಡಿದರು. ಆಮೇಲೆ ಹಾಸಿಗೆಯವರು ಹಿಸುಕಿ ನೋಡಿದರು.

ಮೂರನೆಯ ಜೋಡಿಯಾಗಿ ಬಂದಿದ್ದರಿಂದ ಅವರಿಗೆ ಒಂದು ಬಹುಮಾನ ಬರಬೇಕಿತ್ತು. ಕಾರ್ಯದರ್ಶಿಗಳು ಮೇಜಿನ ಕೆಳಗಿನಿಂದ ಎದ್ದು, ಬಟ್ಟೆ ಕೊಡವಿಕೊಂಡು, ಸಾಧ್ಯವಿಲ್ಲ ಎಂದರು. "ಸಂಘದ ಪರವಾಗಿ ಒಂದು ನಿಮಿಷ ಮೌನ ಆಚರಿಸಿ ಆಗಿದೆ. ಅದನ್ನ ವಾಪಸ್ ತಗೊಳ್ಳೋಕೆ ದಾರಿ ಇಲ್ಲ."

"ವಾಪಸ್ ಬೇಡ. ಆ ನಿಮಿಷ ನಿಮ್ಮ ಹತ್ರಾನೇ ಇರಲಿ, ಸಂಘದಲ್ಲಿ ಯಾರಿಗಾದ್ರೂ ಬೇಕಾಗುತ್ತೆ" ಎಂದು ಹೆಂಡತಿ ಗಂಡನನ್ನು ಕರೆದುಕೊಂಡು ಹೊರಟಳು. ಬೀದಿಯವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. ಕೆಲವರು ಪಾದ ನೋಡುವುದನ್ನು ಇನ್ನೂ ಬಿಟ್ಟಿರಲಿಲ್ಲ.

ಮನೆಗೆ ಬಂದು ಬಿಸಿನೀರು ಹುಯ್ದುಕೊಂಡು ಹಾಸಿಗೆಯವರು ಕೋಣೆಯಲ್ಲಿ ಮಲಗಿದರು. ಮಂಜು ಕಿಟಕಿಯ ಗಾಜಿಗೆ ಮುಖ ಒತ್ತಿಕೊಂಡು ನಿಂತಿತ್ತು. ಮೈಯೆಲ್ಲ ನೋವು, ನಿದ್ದೆ ಹತ್ತಲಿಲ್ಲ. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು. ಆ ಸದ್ದು ನಿಂತಿತು. ಬರಿಗಾಲಿನ ಹೆಜ್ಜೆ ಮೆತ್ತಗೆ ಕೋಣೆಗೆ ಬಂತು. ಹಾಸಿಗೆಯವರು ಕಣ್ಣು ಮುಚ್ಚಿಯೇ ಇದ್ದರು. ಒದ್ದೆ ಬೆರಳುಗಳು ಅವರ ಮೂಗಿನ ಕೆಳಗೆ ಬಂದು ನಿಂತವು, ಉಸಿರು ತಾಗುವವರೆಗೆ ಕಾದವು, ಹಿಂದಕ್ಕೆ ಹೋದವು. ಪಾತ್ರೆಗಳ ಸದ್ದು ಮತ್ತೆ ಶುರುವಾಯಿತು.

ಸ್ವಲ್ಪ ಹೊತ್ತಿಗೆ ಮತ್ತೆ ಹೆಜ್ಜೆ, ಮತ್ತೆ ಬೆರಳು. ಈ ಸಲ ಬೆರಳುಗಳು ಇನ್ನೂ ಹೆಚ್ಚು ಹೊತ್ತು ಕಾದವು.

ಮೂರನೆಯ ಸಲ ಹೆಜ್ಜೆ ಹೊಸ್ತಿಲಿಗೆ ಬರುವ ಮೊದಲೇ ಹಾಸಿಗೆಯವರು ಗೊರಕೆ ಶುರು ಮಾಡಿದರು. ದೊಡ್ಡದಾಗಿ, ಅಡುಗೆಮನೆಗೂ ಕೇಳುವಂತೆ, ಎಳೆದು ಎಳೆದು ಹೊಡೆದರು. ಹೆಜ್ಜೆ ಹೊಸ್ತಿಲಲ್ಲೇ ನಿಂತಿತು. ಬಹಳ ಹೊತ್ತು ನಿಂತಿತು. ದಮ್ಮು ಸಾಲದೆ ಹಾಸಿಗೆಯವರು ಒಂದು ಗಳಿಗೆ ಸುಮ್ಮನಾದರು.

"ಇದು ಸುಳ್ಳು ಗೊರಕೆ ಅಂತ ನಂಗೊತ್ತು" ಎಂದಳು ಹೆಂಡತಿ. "ಆದ್ರೂ ಇನ್ನೊಂದು ಸ್ವಲ್ಪ ಹೊತ್ತು ಹೊಡೀರಿ."